ತರುಣರು ರಂಗಮಂದಿರಕ್ಕೆ ಬಂದ ಬಗೆ

ನಾಟಕದ ವಿಚಾರವಾಗಿ ನಾಲ್ಕು ಮಂದಿ ಹಿರಿಯರು ಕೂಡಿದ ಕಡೆಯಲ್ಲಿ ಒಂದು ಮಾತು ಬಾರದೆ ಇರುವುದಿಲ್ಲ. “ಈಗಿನ ಹುಡುಗರಿಗೆ ನಾಟಕ ಬೇಡವಾಗಿದೆ” ಎಂಬುದೇ ಆ ಮಾತು. ಮಾತು ಹಳೆಯದು, ಅಪರಾಧಿಯ ಹೆಸರು ಮಾತ್ರ ಕಾಲಕಾಲಕ್ಕೆ ಬದಲಾಗಿದೆ. ಒಂದು ಕಾಲಕ್ಕೆ ಸಿನಿಮಾ ಅಪರಾಧಿಯಾಗಿತ್ತು. ಆಮೇಲೆ ಟೆಲಿವಿಷನ್ ಆಯಿತು. ಈಗ ಅಂಗೈಯೊಳಗಿನ ಮೊಬೈಲು ಆ ಸ್ಥಾನಕ್ಕೆ ಬಂದಿದೆ. ರಂಗಮಂದಿರದ ಸಾಲುಗಳಲ್ಲಿ ನರೆತ ತಲೆಗಳೇ ತುಂಬಿದ್ದ ಸಂಜೆಗಳನ್ನು ಬೆಂಗಳೂರಿನಲ್ಲಿ ನಾನೂ ಬೇಕಾದಷ್ಟು ಕಂಡಿದ್ದೇನೆ. ಹಾಗೆಯೇ, ಇದೇ ಊರಿನ ಇನ್ನೊಂದು ರಂಗಮಂದಿರದ ಬಾಗಿಲಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ಟಿಕೆಟ್ಟಿಗಾಗಿ ಸಾಲುಗಟ್ಟಿ ನಿಂತದ್ದನ್ನೂ ಕಂಡಿದ್ದೇನೆ. ಊರು ಒಂದೇ, ಕಾಲ ಒಂದೇ, ತರುಣರೂ ಅವರೇ. ಒಂದು ಕಡೆಗೆ ಬಂದವರು ಇನ್ನೊಂದು ಕಡೆಗೆ ಏಕೆ ಬರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ, ಈ ನಗರದ ರಂಗಭೂಮಿ ನೂರಕ್ಕೂ ಮೀರಿದ ವರ್ಷಗಳಲ್ಲಿ ನಡೆದು ಬಂದ ದಾರಿಯನ್ನು ಒಮ್ಮೆ ಹಿಂದಿರುಗಿ ನೋಡಬೇಕು.

ಇದು ಬರಿಯ ಕುತೂಹಲದ ವಿಚಾರವಲ್ಲ. ಸಂಗೀತದ ರಸಿಕನು ನಲವತ್ತು ದಾಟಿದ ಮೇಲೆ ಸಭೆಗೆ ಬರುವುದುಂಟು. ನಾಟಕದ ರೂಢಿಯಾದರೋ ಹದಿನೆಂಟರಿಂದ ಮೂವತ್ತರೊಳಗೆ ಹತ್ತಬೇಕು; ಆಗ ಹತ್ತದಿದ್ದರೆ ಮುಂದೆ ಹತ್ತುವುದು ಅಪರೂಪ. ಅದಲ್ಲದೆ, ನಟ, ನಿರ್ದೇಶಕ, ದೀಪ ಹಿಡಿಯುವವನು, ಪರದೆ ಎಳೆಯುವವನು ಎಲ್ಲರೂ ಮೊದಲು ಪ್ರೇಕ್ಷಕರಾಗಿ ಬಂದವರೇ. ಇಂದು ನೋಡಲು ಬಾರದ ಹುಡುಗ ನಾಳೆ ಆಡಲೂ ಬಾರನು. ಆದ್ದರಿಂದ ತರುಣರಿಲ್ಲದ ರಂಗಮಂದಿರಕ್ಕೆ ಇಂದಿನ ಸಂಜೆಯ ನಷ್ಟದ ಜೊತೆಗೆ ಇಪ್ಪತ್ತು ವರ್ಷ ಮುಂದಿನ ನಷ್ಟವೂ ಸೇರಿದೆ.

ಕಂಪನಿ ನಾಟಕಗಳ ಕಾಲದಿಂದಲೇ ಆರಂಭಿಸೋಣ. ತುಮಕೂರು ಸೀಮೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ವೀರಣ್ಣನವರ ಕೈಯಲ್ಲಿ ಬೆಳೆದು ನಾಡಿನ ದೊಡ್ಡ ಕಂಪನಿಯಾಯಿತು. ಆ ಕಾಲದ ತರುಣನನ್ನು ನಾಟಕಕ್ಕೆ ಎಳೆದದ್ದು ಏನು? ಹಾಡು, ಹಾಸ್ಯ, ಝಗಝಗಿಸುವ ಸೀನರಿ, ಕಣ್ಣು ಕೋರೈಸುವ ವಿದ್ಯುದ್ದೀಪ, ಮೆಚ್ಚಿನ ನಟನ ಹೆಸರು. 1934ರಲ್ಲಿ ವೀರಣ್ಣನವರು ಬೆಂಗಳೂರಿನಲ್ಲಿ ಆಡಿಸಿದ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳೇ ರಂಗದ ಮೇಲೆ ಬಂದವು. ಜನ ಬೆರಗಾಗಿ ನೋಡಿದರು. ಒಳಗೆ ಹೋಗಲು ದುಡ್ಡಿಲ್ಲದ ಹುಡುಗರಿಗೆ ನೆಲದ ಮೇಲೆ ಕುಳಿತು ನೋಡುವ ಅಗ್ಗದ ದರ್ಜೆಯೊಂದಿತ್ತು. ಸಿಳ್ಳೆ, ಚಪ್ಪಾಳೆ, “ಒನ್ಸ್ ಮೋರ್” ಎಲ್ಲವೂ ಹೊರಡುತ್ತಿದ್ದುದು ಮುಖ್ಯವಾಗಿ ಅಲ್ಲಿಂದಲೇ. ಕಂಪನಿಯವರು ಆ ಕೂಗನ್ನು ಸಹಿಸಿದರು, ಸಹಿಸಿದ್ದಷ್ಟೇ ಅಲ್ಲ, ಅದನ್ನು ಕೇಳಿ ನಾಟಕವನ್ನು ತಿದ್ದಿಕೊಂಡರು. ಹಾಡು ಮೆಚ್ಚುಗೆಯಾದರೆ ಸತ್ತ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಬೇಕಾಗಿತ್ತು. ಪಂಡಿತರು ಇದನ್ನು ರಸಾಭಾಸವೆಂದರು. ರಸಾಭಾಸವೇ ಇರಬಹುದು, ಆದರೆ ಅಲ್ಲಿ ತರುಣನ ದನಿಗೆ ಬೆಲೆಯಿತ್ತು.

ಅದೇ 1934ರ ಮಾರ್ಚಿಯಲ್ಲಿ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆಕಂಡಿತು. ಆನೆ ರಂಗಕ್ಕೆ ಬಂದ ವರ್ಷ ಮತ್ತು ತೆರೆಯ ಮೇಲೆ ಕನ್ನಡ ಮಾತಾಡಿದ ವರ್ಷ ಒಂದೇ ಆಗಿರುವುದು ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ಬೆರಗಿನ ಬಲದಿಂದ ಗೆದ್ದ ಪ್ರೇಕ್ಷಕನನ್ನು ಅದಕ್ಕಿಂತ ದೊಡ್ಡ ಬೆರಗು ಬಂದು ಕರೆದುಕೊಂಡು ಹೋಯಿತು. ಚಿತ್ರದಲ್ಲಿ ಅಭಿನಯಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ರಂಗಭೂಮಿಯವರೇ. ಇಪ್ಪತ್ತು ವರ್ಷದ ಮೇಲೆ, 1954ರಲ್ಲಿ, ‘ಬೇಡರ ಕಣ್ಣಪ್ಪ’ದ ಮೂಲಕ ಕನ್ನಡ ಚಿತ್ರದ ನಾಯಕರಾದ ರಾಜಕುಮಾರರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ನಟರು ಹೋದರು, ಕಥೆಗಳು ಹೋದವು, ಹಾಡುಗಳು ಹೋದವು. ಅವುಗಳ ಹಿಂದೆ ತರುಣ ಪ್ರೇಕ್ಷಕನೂ ಹೋದನು. ಅಲ್ಲಿ ಅಗ್ಗದ ದರ್ಜೆ ಇನ್ನೂ ಅಗ್ಗವಾಗಿತ್ತು. ಸಿನಿಮಾ ಕೊಡಬಲ್ಲದ್ದನ್ನೇ ಕೊಡುತ್ತ ಕುಳಿತ ರಂಗಮಂದಿರಗಳು ಒಂದೊಂದಾಗಿ ಸಿನಿಮಾ ಮಂದಿರಗಳೇ ಆಗಿಹೋದುದು ಈ ನಾಡಿನ ಹಲವು ಊರುಗಳ ಕಥೆ.

ಆದರೆ ಇದೇ ನಗರದಲ್ಲಿ ಇನ್ನೊಂದು ಧಾರೆ ಆಗಲೇ ಹರಿಯತೊಡಗಿತ್ತು. 1909ರಲ್ಲಿ ವಿದ್ಯಾವಂತರು ಕೆಲವರು ಕೂಡಿ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಜನ ಅದನ್ನು ಎ. ಡಿ. ಎ. ಎಂದೇ ಕರೆದರು, ಅದರ ರಂಗಮಂದಿರ ಇಂದಿಗೂ ಜೆ. ಸಿ. ರಸ್ತೆಯಲ್ಲಿದೆ. ಹಗಲು ಕಚೇರಿ, ಕಾಲೇಜು, ಸಂಜೆ ತಾಲೀಮು. ಹೊಟ್ಟೆಪಾಡಿಗಾಗಿ ಅಲ್ಲದೆ ಹವ್ಯಾಸಕ್ಕಾಗಿ ಆಡುವ ಈ ಬಗೆಯನ್ನು ಹಿಂದೆ ವಿಲಾಸಿ ರಂಗಭೂಮಿ ಎನ್ನುತ್ತಿದ್ದರು. ಹೆಸರಿನಲ್ಲಿ ವಿಲಾಸವಿದ್ದರೂ ಪರಿಣಾಮ ಗಂಭೀರವಾದದ್ದು. ಟಿಕೆಟ್ಟು ಕೊಂಡು ಕೂರುವವನಾಗಿದ್ದ ತರುಣ ಇಲ್ಲಿ ಬಣ್ಣ ಹಚ್ಚಿಕೊಂಡು ನಿಲ್ಲುವವನಾದನು. ಅವನು ನಿಂತ ಮೇಲೆ ಅವನ ಸಹಪಾಠಿಗಳು, ಓರಗೆಯವರು, ಅಕ್ಕಪಕ್ಕದ ಮನೆಯವರು ನೋಡಲು ಬಂದರು. ಒಂದು ಪಾತ್ರಕ್ಕೆ ಹತ್ತು ಪ್ರೇಕ್ಷಕರು ತಾವಾಗಿ ಬರುವ ಈ ಲೆಕ್ಕ ಇಂದಿಗೂ ಸುಳ್ಳಾಗಿಲ್ಲ.

ಈ ಹವ್ಯಾಸಿಗಳಿಗೆ ತಮ್ಮದೇ ಆದ ನಾಟಕವೊಂದು ಬೇಕಾಗಿತ್ತು. ಅದನ್ನು ಕೊಟ್ಟವರು ಟಿ. ಪಿ. ಕೈಲಾಸಂ. ಲಂಡನ್ನಿಗೆ ಹೋಗಿ ಭೂವಿಜ್ಞಾನ ಓದಿ ಬಂದ ಈ ಮನುಷ್ಯ ದೇವತೆಗಳನ್ನೂ ರಾಜರನ್ನೂ ಬದಿಗಿಟ್ಟು, ಬೆಂಗಳೂರು ಮೈಸೂರುಗಳ ಮಧ್ಯಮ ವರ್ಗದ ಮನೆಯ ನಡುಮನೆಯನ್ನು ರಂಗದ ಮೇಲೆ ತಂದಿಟ್ಟರು. ವಕೀಲ, ಗುಮಾಸ್ತ, ಪರೀಕ್ಷೆಗೆ ಕಟ್ಟಿದ ಹುಡುಗ, ಇಂಗ್ಲಿಷು ಬೆರೆತ ಮನೆಮಾತು, ಎಲ್ಲವೂ ಬಂದವು. ‘ಟೊಳ್ಳುಗಟ್ಟಿ’ಯ ವಸ್ತುವನ್ನು ನೆನೆಯಿರಿ: ಪುಸ್ತಕ ಉರುಹೊಡೆದು ಮೇಲಿನ ಅಂಕ ತೆಗೆಯುವ ಪುಟ್ಟು ಒಂದು ಕಡೆ, ಪರೀಕ್ಷೆಯಲ್ಲಿ ಹಿಂದೆ ಬಿದ್ದರೂ ಮನೆಯ ಕಷ್ಟಕ್ಕೆ ಒದಗುವ ಮಾಧು ಒಂದು ಕಡೆ. ಪರೀಕ್ಷೆಯ ಫಲಿತಾಂಶಕ್ಕಾಗಿ ಎದೆ ಹಿಡಿದು ಕಾಯುತ್ತಿದ್ದ ಹುಡುಗನಿಗೆ ಇದು ಯಾವ ಪುರಾಣಕ್ಕೂ ಕಡಿಮೆಯ ಕಥೆಯಲ್ಲ. ತನ್ನ ಮಾತು, ತನ್ನ ಸಂಕಟ, ತನ್ನ ಅಪ್ಪ, ಎಲ್ಲವನ್ನೂ ರಂಗದ ಮೇಲೆ ಕಂಡು ಅವನು ನಕ್ಕನು. ನಕ್ಕ ಮೇಲೆ ಯೋಚನೆಗೂ ಬಿದ್ದನು. ಕೈಲಾಸಂ ಅವರ ಭಾಷೆಯನ್ನು ಕಲಬೆರಕೆಯೆಂದು ಮೂಗು ಮುರಿದ ಹಿರಿಯರುಂಟು. ತರುಣರು ಮೂಗು ಮುರಿಯಲಿಲ್ಲ. ನಾಟಕವನ್ನು ಬಾಯಿಪಾಠ ಮಾಡಿಕೊಂಡರು.

ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಈ ಧಾರೆಯನ್ನು ಬತ್ತದಂತೆ ಕಾಪಾಡಿದ್ದು ಕಾಲೇಜುಗಳು. ವಾರ್ಷಿಕೋತ್ಸವವೆಂದರೆ ನಾಟಕ ಇರಲೇಬೇಕು. ಕೈಲಾಸಂ, ಶ್ರೀರಂಗ, ಪರ್ವತವಾಣಿ ಮೊದಲಾದವರ ನಾಟಕಗಳು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಸುತ್ತಿದವು. ಹೆಣ್ಣು ಪಾತ್ರಕ್ಕೆ ಹುಡುಗರೇ ಸೀರೆಯುಡುವ ರೂಢಿ ಮೆಲ್ಲಗೆ ಹೋಗಿ, ಹುಡುಗಿಯರು ರಂಗಕ್ಕೆ ಬಂದರು. ಇದರ ಮಹತ್ವವನ್ನು ನಾವು ಸಾಕಷ್ಟು ಗಮನಿಸಿಲ್ಲ. ಮಗಳು ಪಾತ್ರ ಮಾಡುವಳೆಂದಾಗ ತಾಯಿ ತಂಗಿಯರು ನೋಡಲು ಬಂದರು. ಹೀಗೆ ಎಷ್ಟೋ ಮನೆಗಳಲ್ಲಿ ನಾಟಕ ಶಾಲೆಗೆ ಹೋಗುವ ಬಾಗಿಲು ಹೆಂಗಸರಿಗೆ ತೆರೆಯಿತು. ಆದರೆ ಕಾಲೇಜಿನ ನಾಟಕ ಕಾಲೇಜಿನೊಳಗೇ ಉಳಿಯಿತು. ಪದವಿ ಮುಗಿಸಿ ಹೊರಗೆ ಬಂದ ಹುಡುಗನಿಗೆ ಆಡಲಿಕ್ಕೂ ನೋಡಲಿಕ್ಕೂ ನಗರದಲ್ಲಿ ಒಂದು ನೆಲೆ ಬೇಕಾಗಿತ್ತು.

ಆ ನೆಲೆ ಕಟ್ಟಡದ ರೂಪದಲ್ಲಿ ಬಂದದ್ದು 1963ರಲ್ಲಿ. ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿ 1961ರಲ್ಲಿ ನಡೆದಾಗ ಅವರ ನೆನಪಿಗಾಗಿ ರಾಜ್ಯ ರಾಜ್ಯಗಳಲ್ಲಿ ರಂಗಮಂದಿರಗಳನ್ನು ಕಟ್ಟುವ ಯೋಜನೆಯಾಗಿ, ಬೆಂಗಳೂರಿನ ಪಾಲಿಗೆ ರವೀಂದ್ರ ಕಲಾಕ್ಷೇತ್ರ ದೊರಕಿತು. ವಿಶಾಲವಾದ ಸಭಾಂಗಣ, ದೊಡ್ಡ ರಂಗ, ಊರ ನಡುವಿನ ಜಾಗ. ಅದು ಬಂದದ್ದು ಭಾಗ್ಯವೇ ಸರಿ. ಆದರೆ ಸರ್ಕಾರದ ಮಂದಿರವೆಂದ ಮೇಲೆ ಸರ್ಕಾರದ ಸಮಾರಂಭಗಳೂ ಇರಬೇಕಷ್ಟೆ. ನಾಟಕಕ್ಕೆ ಮೊದಲು ಸಭೆ, ಸಭೆಯಲ್ಲಿ ಉದ್ಘಾಟನೆ, ಹಾರ ತುರಾಯಿ, ನಾಲ್ಕು ಮಂದಿಯ ಭಾಷಣ, ಕೊನೆಗೆ ವಂದನಾರ್ಪಣೆ. ಇಷ್ಟೆಲ್ಲ ಮುಗಿದ ಮೇಲೆ ಪರದೆ. ಇದು ಯಾವುದೋ ಒಂದು ಮಂದಿರದ ದೋಷವಲ್ಲ, ನಮ್ಮ ಸಾರ್ವಜನಿಕ ಜೀವನದ ಅಭ್ಯಾಸ. ಆರು ಗಂಟೆಗೆಂದು ಬಂದ ವಿದ್ಯಾರ್ಥಿ ಎಂಟರವರೆಗೆ ಭಾಷಣ ಕೇಳಿ, ಕೊನೆಯ ಬಸ್ಸಿನ ಚಿಂತೆಯಲ್ಲಿ ನಾಟಕದ ನಡುವೆ ಎದ್ದು ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಾಗೆ ಎದ್ದು ಹೋದವನನ್ನು ಅರಸಿಕನೆಂದು ದೂರುವುದು ನ್ಯಾಯವಲ್ಲ.

ಈ ದೊಡ್ಡ ಮಂದಿರಕ್ಕೆ ತರುಣರನ್ನು ತಂದ ಘಟನೆ ನಡೆದದ್ದು ಮಂದಿರದ ಒಳಗಲ್ಲ, ಹೊರಗಿನ ಬಯಲಿನಲ್ಲಿ. 1972ರಲ್ಲಿ ಬಿ. ವಿ. ಕಾರಂತರು ಅಲ್ಲಿ ಮೂರು ನಾಟಕಗಳನ್ನು ಆಡಿಸಿದರು: ಲಂಕೇಶರು ಕನ್ನಡಕ್ಕೆ ತಂದ ‘ಈಡಿಪಸ್’, ಲಂಕೇಶರದೇ ‘ಸಂಕ್ರಾಂತಿ’, ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’. ಒಂದು ಗ್ರೀಕರ ದುರಂತ, ಒಂದು ಹನ್ನೆರಡನೆಯ ಶತಮಾನದ ಶರಣರ ಕ್ರಾಂತಿಯ ಕಥೆ, ಒಂದು ಉತ್ತರ ಕರ್ನಾಟಕದ ಜಾನಪದದಿಂದ ಎದ್ದದ್ದು. ಕಾರಂತರ ಹಿನ್ನೆಲೆಯನ್ನೂ ಇಲ್ಲಿ ನೆನೆಯಬೇಕು. ದಕ್ಷಿಣ ಕನ್ನಡದ ಹಳ್ಳಿಯಿಂದ ಹುಡುಗನಾಗಿದ್ದಾಗಲೇ ಓಡಿಬಂದು ಗುಬ್ಬಿ ಕಂಪನಿ ಸೇರಿದವರು ಅವರು. ವೀರಣ್ಣನವರ ನೆರವಿನಿಂದ ಕಾಶಿಯಲ್ಲಿ ಓದಿ, ದೆಹಲಿಯ ರಾಷ್ಟ್ರೀಯ ನಾಟಕಶಾಲೆಯಲ್ಲಿ ಕಲಿತವರು. ಕಂಪನಿಯ ಹಾಡೂ ಹೊಸ ಕಾಲದ ವಿಚಾರವೂ ಅವರಲ್ಲಿ ಬೆರೆತಿದ್ದವು. ಬಯಲಿನಲ್ಲಿ ಪರದೆಯಿಲ್ಲ, ಮುಂದಿನ ಸಾಲಿನ ಸೋಫಾ ಇಲ್ಲ, ಹಾರ ತುರಾಯಿಗೆ ವೇದಿಕೆಯಿಲ್ಲ. ಪಾತ್ರಧಾರಿಗಳಲ್ಲಿ ಅನೇಕರು ಬ್ಯಾಂಕಿನ, ಕಾರ್ಖಾನೆಯ, ಕಾಲೇಜಿನ ತರುಣರು. ನೋಡಲು ಬಂದವರೂ ಅವರಂಥವರೇ. ಜಾತಿ, ಜಮೀನು, ಅಧಿಕಾರ, ಕಾಮ, ವಿಧಿ ಎಂಬ ವಿಷಯಗಳನ್ನು ಹಾಸ್ಟೆಲಿನ ಕೋಣೆಯಲ್ಲಿ ರಾತ್ರಿಯೆಲ್ಲ ಚರ್ಚಿಸುತ್ತಿದ್ದ ತಲೆಮಾರಿಗೆ, ಆ ಚರ್ಚೆಯೇ ಹಾಡಾಗಿ ಕುಣಿತವಾಗಿ ಎದುರಿಗೆ ಬಂದಂತಾಯಿತು.

ಅಲ್ಲಿಂದ ಮುಂದಿನ ಹತ್ತು ವರ್ಷ ಬೆಂಗಳೂರಿನ ರಂಗಭೂಮಿಯ ಸುಗ್ಗಿಯ ಕಾಲ. ಬೆಂಗಳೂರು ನಗರ ಕಲಾವಿದರು ಎಂಬುದನ್ನು ಕಿರಿದು ಮಾಡಿ ‘ಬೆನಕ’ ಎಂದು ಹೆಸರಿಟ್ಟುಕೊಂಡ ಕಾರಂತರ ತಂಡ, ಸಿ. ಆರ್. ಸಿಂಹ ಅವರ ‘ನಟರಂಗ’, ‘ಮುಖ್ಯಮಂತ್ರಿ’ಯನ್ನು ನೂರಾರು ಸಲ ಆಡಿದ ‘ಕಲಾಗಂಗೋತ್ರಿ’, ಇನ್ನೂ ಎಷ್ಟೋ ತಂಡಗಳು ಆಗ ಎದ್ದವು. ಸಿಂಹ ಅವರು ತುಘಲಕನಾಗಿ ನಿಂತಾಗ, ಹದಿನಾಲ್ಕನೆಯ ಶತಮಾನದ ಸುಲ್ತಾನನ ಕಥೆಯಲ್ಲಿ ತಮ್ಮ ಕಾಲದ ರಾಜಕೀಯದ ಭ್ರಮನಿರಸನವನ್ನು ಕಾಣಲು ತರುಣರಿಗೆ ಯಾರ ವ್ಯಾಖ್ಯಾನವೂ ಬೇಕಾಗಲಿಲ್ಲ. 1975ರಲ್ಲಿ ಹುಟ್ಟಿದ ‘ಸಮುದಾಯ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರಸನ್ನ ಮೊದಲಾದವರು ಕಟ್ಟಿದ ಆ ತಂಡ ಪ್ರೇಕ್ಷಕ ಬರಲಿ ಎಂದು ಕಾಯದೆ ತಾನೇ ಬೀದಿಗೆ ಹೋಯಿತು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ದಲಿತರ ಕೊಲೆಯನ್ನು ಕುರಿತ ‘ಬೆಲ್ಚಿ’ ಬೀದಿನಾಟಕವನ್ನು ಕಾರ್ಖಾನೆಯ ಬಾಗಿಲಲ್ಲಿ, ಬಸ್ಸು ನಿಲ್ದಾಣದಲ್ಲಿ, ಕಾಲೇಜಿನ ಅಂಗಳದಲ್ಲಿ ನಿಂತು ನೋಡಿದವರು ಅನೇಕರು. ಹೀಗೆ ಬೀದಿಯಲ್ಲಿ ನೋಡಿದ ಹುಡುಗನೇ ಆಮೇಲೆ ಕಲಾಕ್ಷೇತ್ರದ ಮೆಟ್ಟಿಲು ಹತ್ತಿದನು. ತಂಡಕ್ಕೆ ಸೇರಿದವನು ಮೊದಲ ವರ್ಷ ಭಿತ್ತಿಪತ್ರ ಅಂಟಿಸಿದ, ಮನೆಮನೆಗೆ ಹೋಗಿ ಟಿಕೆಟ್ಟು ಮಾರಿದ, ಎರಡನೆಯ ವರ್ಷ ಗುಂಪಿನಲ್ಲಿ ನಿಂತ, ಮೂರನೆಯ ವರ್ಷ ಪಾತ್ರ ಮಾಡಿದ. ಕೈ ಕೆಸರಾದ ಮೇಲೆ ಬಾಯಿ ಮೊಸರಾಗುವ ದಾರಿ ಅದು.

ಈ ಹೊಸ ನಾಟಕದ ಗದ್ದಲದಲ್ಲಿ ವಿದ್ಯಾವಂತರು ಅಷ್ಟಾಗಿ ಗಮನಿಸದ ಇನ್ನೊಂದು ತರುಣ ಪ್ರೇಕ್ಷಕವರ್ಗವೂ ಇದೇ ನಗರದಲ್ಲಿತ್ತು. ಕರಾವಳಿಯ ಯಕ್ಷಗಾನ ಮೇಳಗಳು ಊರಲ್ಲಿ ತಿರುಗಾಟ ಮುಗಿಸಿ ಮಳೆಗಾಲದಲ್ಲಿ ಬೆಂಗಳೂರಿಗೆ ಬರುವುದುಂಟು. ಅಂಥ ರಾತ್ರಿಯ ಆಟಕ್ಕೆ ಕಲಾಕ್ಷೇತ್ರ ಕಿಕ್ಕಿರಿಯುತ್ತದೆ. ಬರುವವರು ಯಾರು? ಉಡುಪಿ, ಕುಂದಾಪುರ, ಹೊನ್ನಾವರಗಳಿಂದ ಬಂದು ಇಲ್ಲಿನ ಹೋಟೆಲುಗಳಲ್ಲಿ, ಅಂಗಡಿಗಳಲ್ಲಿ, ಕಚೇರಿಗಳಲ್ಲಿ ದುಡಿಯುವವರು, ಓದಲು ಬಂದವರು. ಹೋಟೆಲಿನ ಕೆಲಸ ಮುಗಿಯುವುದೇ ರಾತ್ರಿ ಹತ್ತಕ್ಕೆ. ಆಟ ಆರಂಭವಾಗುವುದೂ ಆ ಹೊತ್ತಿಗೇ. ಮುಗಿಯುವುದು ಬೆಳಗಿನ ಮೊದಲ ಬಸ್ಸು ಹೊರಡುವ ಹೊತ್ತಿಗೆ. ಯಾವ ಸಮಿತಿಯೂ ಕೂತು ಯೋಚಿಸದೆ, ದುಡಿಯುವ ತರುಣನ ದಿನಚರಿಗೂ ಆಟದ ಹೊತ್ತಿಗೂ ಇಲ್ಲಿ ಹೊಂದಿಕೆಯಾಗಿದೆ. ಭಾಗವತರ ಹೆಸರು, ವೇಷಧಾರಿಯ ಹೆಸರು ಹಿಡಿದು ವಾದಿಸುವ ಇವರ ರಸಿಕತೆ ಯಾವ ಪಂಡಿತನದಕ್ಕೂ ಕಡಿಮೆಯಲ್ಲ. ತರುಣರಿಗೆ ದೀರ್ಘವಾದ, ಹಳೆಯದಾದ ಕಲೆ ರುಚಿಸದು ಎನ್ನುವವರು ಇಂಥ ಒಂದು ರಾತ್ರಿ ಅಲ್ಲಿಗೆ ಹೋಗಿ ನೋಡಿದರೆ ಸಾಕು.

ಎಂಬತ್ತರ ದಶಕದ ನಡುವಿನಿಂದ ಆಚೆಗೆ ಹವ್ಯಾಸಿ ರಂಗಭೂಮಿಯ ಪ್ರೇಕ್ಷಕರು ಕಡಿಮೆಯಾಗತೊಡಗಿದರು. ಟೆಲಿವಿಷನ್ ಮನೆಮನೆಗೆ ಬಂತು. ನಟರಿಗೆ ಧಾರಾವಾಹಿಗಳಲ್ಲಿ ಸಂಪಾದನೆಯ ದಾರಿ ಕಂಡಿತು. ಅವರನ್ನು ದೂರುವಂತಿಲ್ಲ, ಹೊಟ್ಟೆಯೆಂಬುದು ಎಲ್ಲರಿಗೂ ಇದೆ. ಆದರೆ ಟೆಲಿವಿಷನ್ನಿಗಿಂತ ದೊಡ್ಡ ಕಾರಣ ಊರಿನ ಬೆಳವಣಿಗೆ ಎಂದು ನನ್ನ ಅಭಿಪ್ರಾಯ. ಎಪ್ಪತ್ತರ ದಶಕದ ರಂಗಾಸಕ್ತ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ, ಜಯನಗರಗಳಲ್ಲಿದ್ದ. ಕೆಲಸ ಮುಗಿಸಿ ಸೈಕಲ್ಲು ಹತ್ತಿ ಕಲಾಕ್ಷೇತ್ರಕ್ಕೆ ಬರಬಲ್ಲವನಾಗಿದ್ದ. ಊರು ನಾಲ್ಕು ದಿಕ್ಕಿಗೂ ಹಬ್ಬಿದ ಮೇಲೆ ಮನೆ ಒಂದು ಮೂಲೆ, ಕೆಲಸ ಇನ್ನೊಂದು ಮೂಲೆ, ರಂಗಮಂದಿರ ನಡುವೆ ಎಲ್ಲೋ. ಹೊಸ ಕಸುಬುಗಳಲ್ಲಿ ಬಿಡುವಾಗುವ ಹೊತ್ತೂ ಬದಲಾಯಿತು. ಕನ್ನಡ ಬಾರದ, ಆದರೆ ನಾಟಕದ ಮೇಲೆ ಪ್ರೀತಿಯಿರುವ ತರುಣರೂ ಸಾವಿರಗಟ್ಟಲೆ ಬಂದು ನೆಲೆಸಿದರು. ತಾಲೀಮಿಗೆ ಹಿಂದೆ ಯಾರದೋ ಮನೆಯ ಮಾಳಿಗೆ, ಶಾಲೆಯ ಕೋಣೆ ಸಿಗುತ್ತಿತ್ತು. ಬಾಡಿಗೆ ಏರಿದಂತೆ ಅದೂ ದುರ್ಲಭವಾಯಿತು. ಊರು ಇಷ್ಟು ಬದಲಾಗಿದ್ದರೂ ರಂಗಮಂದಿರಗಳ ಕ್ರಮ ಬದಲಾಗಲಿಲ್ಲ.

ಬದಲಾದ ಊರಿಗೆ ತಕ್ಕ ಮಂದಿರವೊಂದರ ಕನಸು ಕಂಡವರಲ್ಲಿ ಶಂಕರ್ ನಾಗ್ ಮುಖ್ಯರು. ಸಿನಿಮಾದಲ್ಲಿ ಹೆಸರು ಮಾಡಿದ ಮೇಲೂ ‘ಸಂಕೇತ್’ ತಂಡದ ಮೂಲಕ ನಾಟಕ ಆಡುತ್ತಲೇ ಇದ್ದವರು ಅವರು. 1990ರ ಸೆಪ್ಟೆಂಬರಿನಲ್ಲಿ, ಮೂವತ್ತೈದರ ಹರೆಯದಲ್ಲಿ, ಅಪಘಾತದಲ್ಲಿ ತೀರಿಕೊಂಡರು. ಕನಸನ್ನು ಹೊತ್ತವರು ಅವರ ಪತ್ನಿ ಅರುಂಧತಿ ನಾಗ್. ಮುಂಬಯಿಯ ರಂಗಭೂಮಿಯಲ್ಲಿ ಬೆಳೆದ ಈ ದಂಪತಿಗಳಿಗೆ, 1978ರಲ್ಲಿ ಜುಹುವಿನಲ್ಲಿ ತೆರೆದ ಪೃಥ್ವಿ ಥಿಯೇಟರಿನಂಥ ಚಿಕ್ಕ ಮಂದಿರ ಏನು ಮಾಡಬಲ್ಲದೆಂಬುದು ಗೊತ್ತಿತ್ತು. ಸರ್ಕಾರ ಜಾಗ ಕೊಟ್ಟಿತು. ಸಂಸ್ಥೆಗಳೂ ವ್ಯಕ್ತಿಗಳೂ ಹಣ ಕೊಟ್ಟರು. ಹತ್ತಾರು ವರ್ಷದ ಓಡಾಟದ ಮೇಲೆ 2004ರ ಅಕ್ಟೋಬರಿನಲ್ಲಿ ಜೆ. ಪಿ. ನಗರದ ಎರಡನೆಯ ಹಂತದಲ್ಲಿ ‘ರಂಗಶಂಕರ’ ಬಾಗಿಲು ತೆರೆಯಿತು.

ಅಲ್ಲಿಗೆ ತರುಣರು ಬಂದದ್ದು ಕಟ್ಟಡದ ಚೆಲುವಿಗೆ ಮಾತ್ರವೆಂದು ಹೇಳುವವರ ಮಾತನ್ನು ನಾನು ಒಪ್ಪಲಾರೆ. ಕೆಲವು ಸಣ್ಣ ನಿಯಮಗಳನ್ನು ನೋಡಬೇಕು. ಮೊದಲನೆಯದು, ಸೋಮವಾರ ಬಿಟ್ಟು ದಿನವೂ ನಾಟಕ. “ಇಂದು ಏನಿದೆಯೋ” ಎಂದು ವಿಚಾರಿಸಬೇಕಾಗಿಲ್ಲ. ಹೋದರೆ ನಾಟಕ ಇದ್ದೇ ಇರುತ್ತದೆ. ಎರಡನೆಯದು, ವಾರದ ಸಂಜೆಯ ಆಟ ಏಳೂವರೆಗೆಂದರೆ ಏಳೂವರೆಗೇ. ಮೂರನೆಯ ಗಂಟೆ ಬಾರಿಸಿದ ಮೇಲೆ ಬಂದವರಿಗೆ, ಅವರು ಯಾರೇ ಆಗಿರಲಿ, ಪ್ರವೇಶವಿಲ್ಲ. ಇದನ್ನು ದರ್ಪವೆಂದು ಬೈದವರುಂಟು. ತರುಣರಿಗೆ ಇದು ದರ್ಪವಾಗಿ ಕಾಣಲಿಲ್ಲ. ತಮ್ಮ ಹೊತ್ತಿಗೆ ಸಂದ ಮರ್ಯಾದೆಯಾಗಿ ಕಂಡಿತು. ದೊಡ್ಡವರಿಗಾಗಿ ಕಾಯದ ಮಂದಿರದಲ್ಲಿ ಚಿಕ್ಕವರೂ ಸಮಾನರು. ಮೂರನೆಯದು, ನಾಟಕದ ತಂಡಕ್ಕೆ ಬಾಡಿಗೆ ಹಗುರ. ಅದರಿಂದ ಹೊಸಬರ ತಂಡವೂ ಧೈರ್ಯ ಮಾಡಬಹುದು, ಟಿಕೆಟ್ಟಿನ ಬೆಲೆಯೂ ಹಿಡಿತದಲ್ಲಿರುತ್ತದೆ. ನಾಲ್ಕನೆಯದು, ಮುನ್ನೂರರ ಸುಮಾರಿನ ಆಸನಗಳ ಮಂದಿರವಾದ್ದರಿಂದ ಹಿಂದಿನ ಸಾಲಿನವನಿಗೂ ನಟನ ಕಣ್ಣು ಕಾಣುತ್ತದೆ. ಐದನೆಯದು, ಕನ್ನಡದ ಜೊತೆಗೆ ಬೇರೆ ಭಾಷೆಗಳ ನಾಟಕಗಳಿಗೂ ಅಲ್ಲಿ ಎಡೆಯಿದೆ. ಇಂಗ್ಲಿಷ್ ನಾಟಕಕ್ಕೆ ಬಂದ ಹುಡುಗಿ ಮುಂದಿನ ವಾರ ಕನ್ನಡ ನಾಟಕಕ್ಕೆ ಬಂದು ಕೂರುವುದು ಅಲ್ಲಿ ವಿಶೇಷವಲ್ಲ. ಕೊನೆಯದಾಗಿ, ನಾಟಕಕ್ಕೆ ಮೊದಲೂ ಆಮೇಲೂ ಕುಳಿತು ಮಾತಾಡಲು ಅಲ್ಲಿ ಜಾಗವಿದೆ, ಕಾಫಿ ಇದೆ, ತಿಂಡಿ ಇದೆ. ನಾಟಕ ನೋಡಿ ನೇರ ಮನೆಗೆ ಹೋದವನು ಅರ್ಧ ನಾಟಕವನ್ನು ಮಾತ್ರ ನೋಡಿದಂತೆ. ಉಳಿದರ್ಧ ಗೆಳೆಯರೊಡನೆ ಜಗಳವಾಡುವುದರಲ್ಲಿದೆ. ಮಕ್ಕಳಿಗಾಗಿ ಅವರು ನಡೆಸಿದ ‘ಆಹಾ!’ ಕಾರ್ಯಕ್ರಮದಲ್ಲಿ ನಾಟಕ ನೋಡಿದ ಮಕ್ಕಳು ಈಗ ತರುಣರಾಗಿ ತಾವೇ ಟಿಕೆಟ್ಟು ಕೊಂಡು ಬರುವ ವಯಸ್ಸಿಗೆ ಬಂದಿದ್ದಾರೆ ಎಂಬುದನ್ನೂ ಮರೆಯಬಾರದು.

ಚಿಕ್ಕ ಮಂದಿರವೇ ಮದ್ದು ಎಂದು ಇದರಿಂದ ತೀರ್ಮಾನಿಸಿದರೆ ಅವಸರವಾದೀತು. ತದ್ವಿರುದ್ಧವಾದ ಉದಾಹರಣೆಯೂ ಇದೇ ಊರಿನಲ್ಲಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರು 2010ರಲ್ಲಿ ಮೈಸೂರಿನ ರಂಗಾಯಣಕ್ಕಾಗಿ ರಂಗಕ್ಕೆ ತಂದರು. 2013ರಿಂದ ಅದು ಬೆಂಗಳೂರಿನ ಮಲ್ಲತ್ತಹಳ್ಳಿಯ ಕಲಾಗ್ರಾಮದ ಬಯಲಿನಲ್ಲಿ ನಡೆಯಿತು. ಒಂಬತ್ತು ಗಂಟೆಯ ನಾಟಕ. ರಾತ್ರಿ ಆರಂಭವಾಗಿ ಬೆಳಗಿನ ಜಾವಕ್ಕೆ ಮುಗಿಯುತ್ತಿತ್ತು. ಪ್ರೇಕ್ಷಕರು ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ಎದ್ದು ನಡೆಯಬೇಕು. ಊರ ಹೊರಗಿನ ಜಾಗ, ಚಳಿ, ಮಲೆನಾಡಿನ ಕನ್ನಡ, ದೊಡ್ಡ ಕಾದಂಬರಿ. ಲೆಕ್ಕಾಚಾರದ ಮನುಷ್ಯ ಇದನ್ನು ಕೇಳಿ ತಲೆ ಅಲ್ಲಾಡಿಸಿಯಾನು. ಆದರೂ ಕಂಬಳಿ ಹೊದ್ದು, ಚಹಾ ಹಿಡಿದು, ರಾತ್ರಿಯಿಡೀ ಕುಳಿತವರಲ್ಲಿ ವಿದ್ಯಾರ್ಥಿಗಳೂ ಸಾಫ್ಟ್‌ವೇರ್ ಕಂಪನಿಗಳ ಹುಡುಗ ಹುಡುಗಿಯರೂ ತುಂಬಿದ್ದರು. ಕಾದಂಬರಿಯನ್ನು ಓದದೆ ಬಂದು, ನಾಟಕ ನೋಡಿದ ಮೇಲೆ ಪುಸ್ತಕ ಹುಡುಕಿಕೊಂಡು ಹೋದವರನ್ನು ನಾನು ಬಲ್ಲೆ. ಹೆಸರಘಟ್ಟದ ನೃತ್ಯಗ್ರಾಮದಲ್ಲಿ ತೊಂಬತ್ತರ ದಶಕದಲ್ಲಿ ನಡೆಯುತ್ತಿದ್ದ ‘ವಸಂತಹಬ್ಬ’ದ ಇರುಳುಗಳಿಗೂ ಊರ ತರುಣರು ಹೀಗೆಯೇ ಹರಿದುಬರುತ್ತಿದ್ದರು. ಕಲಾಗ್ರಾಮದ ನಾಟಕಕ್ಕೆ ಪಾತ್ರ ಮಾಡಿದ ತರುಣರ ದಂಡೂ ಚಿಕ್ಕದಲ್ಲ. ಅವರ ಗೆಳೆಯರ ಗೆಳೆಯರವರೆಗೂ ಸುದ್ದಿ ಮುಟ್ಟಿತು. ಎ. ಡಿ. ಎ. ಕಾಲದ ಹಳೆಯ ಲೆಕ್ಕ ಮತ್ತೆ ಸರಿಬಂತು.

ಈ ಎಲ್ಲ ಉದಾಹರಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ತೋರುವುದು ಇಷ್ಟು. ಮಂದಿರದ ಗಾತ್ರ, ನಾಟಕದ ಉದ್ದ, ವಸ್ತುವಿನ ಹಳತು ಹೊಸತು, ಇವು ಯಾವುವೂ ನಿರ್ಣಾಯಕವಲ್ಲ. ಎರಡು ಸಂಗತಿಗಳು ಕೂಡಿದಾಗಲೆಲ್ಲ ತರುಣರು ಬಂದಿದ್ದಾರೆ. ಒಂದು, ರಂಗದ ಮೇಲೆ ನಡೆಯುವುದರಲ್ಲಿ ಅವರ ಮಾತಿಗೂ ಸಂಕಟಕ್ಕೂ ಪಾಲಿರಬೇಕು; ಸಾಧ್ಯವಾದರೆ ಅವರ ಕೈಗೇ ಕೆಲಸವಿರಬೇಕು. ಎರಡು, ಅವರ ಹೊತ್ತು, ಅವರ ಜೇಬು, ಅವರು ಮನೆಗೆ ಮರಳುವ ದಾರಿ, ಇವುಗಳ ಲಕ್ಷ್ಯ ಮಂದಿರದವರಿಗಿರಬೇಕು. ಕೈಲಾಸಂ ಕಾಲದಲ್ಲಿ ಮೊದಲನೆಯದು ಬಲವಾಗಿತ್ತು. ಮಳೆಗಾಲದ ಯಕ್ಷಗಾನದಲ್ಲಿ ಎರಡೂ ತಾವಾಗಿ ಕೂಡಿಬಂದವು. ರಂಗಶಂಕರದವರು ಎರಡನೆಯದನ್ನು ನಿಯಮವಾಗಿ ಮಾಡಿಕೊಂಡರು.

ಇಷ್ಟು ತಿಳಿದ ಮೇಲೆ, ಈಗ ಮಾಡಬೇಕಾದ ಕೆಲಸಗಳು ದೊಡ್ಡ ಹಣ ಬೇಡುವಂಥವಲ್ಲ. ಸಭೆ ಬೇರೆ, ನಾಟಕ ಬೇರೆ ಮಾಡಬೇಕು. ಭಾಷಣವಿದ್ದರೆ ನಾಟಕವಾದ ಮೇಲಿರಲಿ, ಬೇಕಾದವರು ಕೇಳುತ್ತಾರೆ. ಉಚಿತ ಪ್ರವೇಶದ ಬದಲು ವಿದ್ಯಾರ್ಥಿಗಳಿಗೆ ಕಡಿಮೆ ಬೆಲೆಯ ಟಿಕೆಟ್ಟು ಇಡಬೇಕು. ಬಿಟ್ಟಿ ಬಂದದ್ದಕ್ಕೆ ಬಾರದಿದ್ದರೂ ನಷ್ಟವಿಲ್ಲ ಎನ್ನಿಸುತ್ತದೆ, ಇಪ್ಪತ್ತು ರೂಪಾಯಿ ಕೊಟ್ಟವನು ಮಳೆಯಲ್ಲೂ ಬರುತ್ತಾನೆ. ಹಗಲು ಖಾಲಿ ಬಿದ್ದಿರುವ ಸಾರ್ವಜನಿಕ ಮಂದಿರಗಳ ಕೋಣೆಗಳನ್ನು ಹೊಸ ತಂಡಗಳ ತಾಲೀಮಿಗೆ ಕೊಡಬೇಕು. ನಾಟಕ ಮುಗಿಯುವ ಹೊತ್ತಿಗೂ ಕೊನೆಯ ಬಸ್ಸು ಮೆಟ್ರೋಗಳ ಹೊತ್ತಿಗೂ ಹೊಂದಿಕೆ ಇರಬೇಕು. ಒಬ್ಬಳೇ ಮನೆಗೆ ಮರಳಬೇಕಾದ ಹುಡುಗಿಗೆ ಮಂದಿರದ ಅಂಗಳದಲ್ಲೂ ಹೊರಗಿನ ರಸ್ತೆಯಲ್ಲೂ ಬೆಳಕಿರಬೇಕು. ಈ ಒಂದು ಕೆಲಸದಿಂದ ಬರುವ ಪ್ರೇಕ್ಷಕರು ಹತ್ತು ಜಾಹೀರಾತಿನಿಂದ ಬಾರರು. ಊರ ಹೊರವಲಯದ ಬಡಾವಣೆಗಳಲ್ಲಿ ನೂರು ಜನ ಕೂರುವ ಚಿಕ್ಕ ರಂಗಸ್ಥಳಗಳು ಏಳಬೇಕು. ಮಂದಿರಗಳ ಆಡಳಿತ ಸಮಿತಿಗಳಲ್ಲಿ ಮೂವತ್ತರ ಕೆಳಗಿನ ಇಬ್ಬರು ಮೂವರಾದರೂ ಇರಬೇಕು. ಅವರು ಕೇಳುವ ಪ್ರಶ್ನೆಗಳು ಹಿರಿಯರಿಗೆ ಹೊಳೆಯಲಾರವು.

2020ರ ಮಾರ್ಚಿಯಲ್ಲಿ ಸೋಂಕಿನ ಭೀತಿಯಿಂದ ಎಲ್ಲ ಮಂದಿರಗಳೂ ಬಾಗಿಲು ಹಾಕಿದಾಗ, ನಾಟಕದ ಕಥೆ ಇನ್ನು ಮುಗಿಯಿತೆಂದು ಹೇಳಿದವರಿದ್ದರು. ಬಾಗಿಲು ಮತ್ತೆ ತೆರೆದಾಗ ಮುಖಕ್ಕೆ ಕವಚ ಕಟ್ಟಿಕೊಂಡು, ಒಂದು ಕುರ್ಚಿ ಬಿಟ್ಟು ಒಂದರಲ್ಲಿ ಬಂದು ಕುಳಿತವರಲ್ಲಿ ತರುಣರೂ ಇದ್ದರು. ತಿಂಗಳುಗಟ್ಟಲೆ ತೆರೆಯ ಮೇಲಿನ ಮುಖಗಳನ್ನೇ ನೋಡಿದವರಿಗೆ ಎದುರಿಗೆ ಉಸಿರಾಡುವ ಒಬ್ಬ ಮನುಷ್ಯನನ್ನು ನೋಡುವ ಹಸಿವು ಎಷ್ಟಿತ್ತೆಂಬುದು ಅಂದು ತಿಳಿಯಿತು. ಆ ಹಸಿವು ಈಗಲೂ ಇದೆ. ಅದಕ್ಕೆ ತಕ್ಕ ಹೊತ್ತಿಗೆ, ಕೊಳ್ಳಬಲ್ಲ ಬೆಲೆಗೆ, ಅವರದೇ ಬಾಳಿನ ರುಚಿಯುಳ್ಳ ನಾಟಕವನ್ನು ಮುಂದಿಡುವುದು, ಮಾಡುವ ಕೆಲಸದಲ್ಲಿ ಅವರನ್ನೂ ಸೇರಿಸಿಕೊಳ್ಳುವುದು ಮಂದಿರಗಳನ್ನು ನಡೆಸುವ ಹಿರಿಯರ ಹೊಣೆ.